ನೀರಿನ ಪ್ರಶ್ನೋತ್ತರ: ಒಟ್ಲು ಹಾಕುವ ಮೊದಲೇ ಸಿಗಬೇಕಾದ ಉತ್ತರ

ಕಳೆದ ಸಂಚಿಕೆಯಲ್ಲಿ ಜಲಾಶಯದ ಲೆಕ್ಕಕ್ಕೂ ನಾಲೆಯ ನೀರಿನ ಹಂಚಿಕೆಗೂ ನಡುವೆ ಇರುವ ಅಂತರದ ಬಗ್ಗೆ ಕೆಲವು ಸಾಲು ಬರೆದಿದ್ದೆ. ಅದನ್ನು ಓದಿ ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಬೇರೂ ಅದರಲ್ಲೇ ಇದೆ.

ಪ್ರಶ್ನೆ: ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಕಣ್ಣಂಬಾಡಿ ಕಟ್ಟೆ (ಕೆ.ಆರ್.ಎಸ್.) ನೂರು ಅಡಿ ದಾಟಿತು ಎಂದು ಟಿ.ವಿ.ಯಲ್ಲಿ ಕೇಳಿದ ಕೂಡಲೇ ಊರಿನವರೆಲ್ಲ ಒಟ್ಲು (ಭತ್ತದ ಸಸಿಮಡಿ) ಹಾಕುತ್ತೇವೆ. ಆಮೇಲೆ ನೀರು ಸಾಲದು, ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ಬಿಡುತ್ತೇವೆ ಎನ್ನುತ್ತಾರೆ. ನಮ್ಮ ಕಡೆಗೆ ನೀರು ಬರುವ ಹೊತ್ತಿಗೆ ಪೈರು ಒಣಗಿರುತ್ತದೆ. ಇಷ್ಟೆಲ್ಲ ಉಪಗ್ರಹ, ಕಂಪ್ಯೂಟರ್ ಇರುವ ಕಾಲದಲ್ಲಿ ನೀರು ಸಾಕೋ ಸಾಲದೋ ಎಂದು ಮೊದಲೇ ಹೇಳುವುದಕ್ಕೆ ವಿಜ್ಞಾನಿಗಳಿಗೆ ಆಗುವುದಿಲ್ಲವೇ ಸ್ವಾಮಿ?
— ರೈತರೊಬ್ಬರು, ಮಳವಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಉತ್ತರಕ್ಕೆ ಮುನ್ನ 'ನೂರು ಅಡಿ' ಎಂಬ ಮಾತನ್ನು ಬಿಡಿಸಿ ನೋಡಬೇಕು, ಏಕೆಂದರೆ ನಿಮ್ಮ ಒಟ್ಲು ಒಣಗುವುದಕ್ಕೆ ಆ ಮಾತೂ ಒಂದು ಕಾರಣ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಆಗ ಅದರಲ್ಲಿ ನಿಲ್ಲುವ ನೀರು 49.452 ಟಿಎಂಸಿ. ನೂರು ಅಡಿ ಎಂದ ಕೂಡಲೇ ಐದರಲ್ಲಿ ನಾಲ್ಕು ಪಾಲು ತುಂಬಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜವಾಗಿ ಆಗ ಕಟ್ಟೆಯಲ್ಲಿ ಅರ್ಧದಷ್ಟೂ ನೀರಿರುವುದಿಲ್ಲ. ಕಣಿವೆ ತಳದಲ್ಲಿ ಇಕ್ಕಟ್ಟು, ಮೇಲೆ ಹೋದಂತೆಲ್ಲ ಅಗಲ. ಬಾಯಗಲದ ಕೊಪ್ಪರಿಗೆಯ ತಳದಲ್ಲಿ ಒಂದು ಗೇಣು ನೀರು ತುಂಬುವುದಕ್ಕೂ ಕಂಠದ ಹತ್ತಿರ ಒಂದು ಗೇಣು ತುಂಬುವುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ. 80 ಅಡಿಯ ಆಸುಪಾಸಿನಲ್ಲಿ ಮಟ್ಟ ಒಂದು ಅಡಿ ಏರಿದರೆ ಸೇರುವುದು ಸುಮಾರು ಅರ್ಧ ಟಿಎಂಸಿ. ನೀರು ಸುಮಾರು 130 ಚದರ ಕಿಲೋಮೀಟರಿನಷ್ಟು ಹರಡಿ ನಿಂತಿರುವಾಗ, ಅಂದರೆ 124 ಅಡಿಯ ಹತ್ತಿರ, ಅದೇ ಒಂದು ಅಡಿಯಲ್ಲಿ ಒಂದೂಕಾಲು ಟಿಎಂಸಿಗಿಂತ ಹೆಚ್ಚು ನೀರಿರುತ್ತದೆ. ಆದ್ದರಿಂದ ಟಿ.ವಿ.ಯಲ್ಲಿ ಅಡಿ ಹೇಳಿದಾಗ ದಯವಿಟ್ಟು ಟಿಎಂಸಿ ಎಷ್ಟೆಂದು ಕೇಳಿ. ಅದನ್ನು ನಿತ್ಯವೂ ಲೆಕ್ಕ ಹಾಕುತ್ತಾರೆ, ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ ಕೂಡ.

ಇನ್ನು ಒಂದು ಟಿಎಂಸಿಯಲ್ಲಿ ಏನಾಗುತ್ತದೆ ಎಂಬ ಲೆಕ್ಕ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಅದನ್ನು ಒಂದು ಅಡಿ ಆಳಕ್ಕೆ ಹರಡಿದರೆ ಸುಮಾರು 23,000 ಎಕರೆ ಮುಚ್ಚುತ್ತದೆ. ನಾಟಿಯಿಂದ ಕೊಯ್ಲಿನವರೆಗೆ ಗದ್ದೆಯಲ್ಲಿ ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಮಳೆಯೂ ಸೇರಿ ಸುಮಾರು ನಾಲ್ಕು ಅಡಿ ನೀರು ಬೇಕೆಂದು ಇಟ್ಟುಕೊಳ್ಳಿ. ಮಳೆ ಬಾರದೆ ಅಷ್ಟೂ ಕಟ್ಟೆಯಿಂದಲೇ ಬರಬೇಕಾದರೆ ಆ ಒಂದು ಟಿಎಂಸಿ ಸುಮಾರು 5,700 ಎಕರೆಗೆ ಇಳಿಯುತ್ತದೆ. ಅದೂ ಕಟ್ಟೆಯಿಂದ ಹೊರಟ ನೀರು ಒಂದು ಹನಿಯೂ ದಾರಿಯಲ್ಲಿ ಇಂಗದೆ ಗದ್ದೆ ಮುಟ್ಟಿದರೆ ಮಾತ್ರ. ನಾಲೆಯಲ್ಲಿ 2,000 ಕ್ಯೂಸೆಕ್ (ಸೆಕೆಂಡಿಗೆ 2,000 ಘನ ಅಡಿ) ನೀರು 18 ದಿನ ಹರಿದರೆ ಮೂರು ಟಿಎಂಸಿಗಿಂತ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಭತ್ತದ ಆಯುಷ್ಯದಲ್ಲಿ ಇಂಥ ಎಷ್ಟು ಸರದಿ ಬೇಕೆಂದು ನೀವೇ ಎಣಿಸಿ. ಕಟ್ಟೆಯಲ್ಲಿ 22 ಟಿಎಂಸಿ ಇದ್ದರೂ ಅಷ್ಟೂ ನಾಲೆಯ ಪಾಲಲ್ಲ: ತಳದಲ್ಲಿ ಎತ್ತಲಾಗದ ನೀರಿದೆ, ಬೆಂಗಳೂರು, ಮೈಸೂರು, ಮಂಡ್ಯದ ಕುಡಿಯುವ ನೀರಿದೆ, ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿನಲ್ಲಿ ತಿಂಗಳು ತಿಂಗಳೂ ತೋರಿಸಬೇಕಾದ ಲೆಕ್ಕವಿದೆ, ಗದ್ದೆಯಲ್ಲಿ ಆಗಲೇ ನಿಂತಿರುವ ಕಬ್ಬಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲೇ ಹೇಳುವುದಕ್ಕೆ ಆಗುವುದಿಲ್ಲವೇ? ಖಚಿತವಾಗಿ ಹೇಳುವುದಕ್ಕೆ ಆಗುವುದಿಲ್ಲ. ಆದರೆ ಉಪಯೋಗಕ್ಕೆ ಬರುವಷ್ಟು ಹೇಳುವುದಕ್ಕೆ ಖಂಡಿತ ಆಗುತ್ತದೆ. ಭಾರತ ಹವಾಮಾನ ಇಲಾಖೆ ಏಪ್ರಿಲ್ ಮಧ್ಯದಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಮತ್ತೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಅದು ದೇಶಕ್ಕೆ, ಹೆಚ್ಚೆಂದರೆ ದೊಡ್ಡ ಪ್ರದೇಶಗಳಿಗೆ ಹೇಳಿದ ಮಾತು. ಕೊಡಗಿನ ಒಂದು ಹೋಬಳಿಯ ಮಳೆಯನ್ನು ಅದರಿಂದ ತಿಳಿಯಲಾಗದು. ಆದರೆ ಜುಲೈ ಕೊನೆಯ ಹೊತ್ತಿಗೆ ಪರಿಸ್ಥಿತಿ ಬೇರೆ. ಅಷ್ಟರಲ್ಲಿ ಕಟ್ಟೆಯಲ್ಲಿ ಎಷ್ಟು ಸೇರಿದೆ ಎಂಬುದು ಕಣ್ಣ ಮುಂದಿರುತ್ತದೆ. ಕಳೆದ ಎಂಬತ್ತು ತೊಂಬತ್ತು ವರ್ಷಗಳ ಒಳಹರಿವಿನ ದಾಖಲೆ ಇರುತ್ತದೆ. ಇದೇ ದಿನಾಂಕಕ್ಕೆ ಇಷ್ಟೇ ನೀರಿದ್ದ ವರ್ಷಗಳನ್ನು ಆ ದಾಖಲೆಯಿಂದ ಆರಿಸಿ, ಅವುಗಳಲ್ಲಿ ಎಷ್ಟು ವರ್ಷ ಭತ್ತ ಕೈಗೆ ಬರುವಷ್ಟು ನೀರು ಆಮೇಲೆ ಬಂತು ಎಂದು ಎಣಿಸಬಹುದು. ಹತ್ತರಲ್ಲಿ ಎಂಟು ವರ್ಷ ಬಂದಿದ್ದರೆ ಒಂದು ಮಾತು, ಹತ್ತರಲ್ಲಿ ಮೂರು ವರ್ಷ ಮಾತ್ರ ಬಂದಿದ್ದರೆ ಇನ್ನೊಂದು ಮಾತು. ಇದಕ್ಕೆ ದೊಡ್ಡ ಕಂಪ್ಯೂಟರೂ ಬೇಡ.

ಕೊರತೆ ಇರುವುದು ಇನ್ನೊಂದು ಕಡೆ. ವಿಜ್ಞಾನಿ ಹೇಳುವುದು 'ಹತ್ತರಲ್ಲಿ ಮೂರು' ಎಂಬ ಸಾಧ್ಯತೆಯ ಭಾಷೆಯಲ್ಲಿ. ನಿಮಗೆ ಬೇಕಿರುವುದು 'ಒಟ್ಲು ಹಾಕಲೋ ಬೇಡವೋ' ಎಂಬುದಕ್ಕೆ ಉತ್ತರ. ಇವೆರಡರ ನಡುವಿನ ಸೇತುವೆಯನ್ನು ಕಟ್ಟಬೇಕಾದವರು ನೀರಾವರಿ ಸಲಹಾ ಸಮಿತಿಯಲ್ಲಿ ಕುಳಿತವರು. ಸಭೆ ಸೇರುತ್ತದೆ, ಆದರೆ ಬಹಳ ಸಲ ಒಟ್ಲು ಬಿದ್ದ ಮೇಲೆ ಸೇರುತ್ತದೆ. ಅಷ್ಟರಲ್ಲಿ ಬೀಜ, ಗೊಬ್ಬರ, ಕೂಲಿ ಎಲ್ಲವೂ ಮಣ್ಣಿಗೆ ಹೋಗಿರುವುದರಿಂದ ಸಭೆಯಲ್ಲಿ ನೀರಿನ ಲೆಕ್ಕ ಹಿಂದೆ ಸರಿದು ಬೆಳೆ ಉಳಿಸುವ ಒತ್ತಡವೇ ಮುಂದೆ ಬರುತ್ತದೆ. ಹಾಗಾಗಬಾರದೆಂದರೆ ಷರತ್ತನ್ನು ಜೂನ್ ತಿಂಗಳಲ್ಲೇ ಊರೂರಿಗೆ ತಿಳಿಸಬೇಕು: ಇಂಥ ದಿನಾಂಕಕ್ಕೆ ಕಟ್ಟೆಯಲ್ಲಿ ಇಷ್ಟು ಟಿಎಂಸಿ ಇದ್ದರೆ ಭತ್ತ, ಅದಕ್ಕಿಂತ ಇಷ್ಟು ಕಡಿಮೆ ಇದ್ದರೆ ಅಲ್ಪಾವಧಿ ತಳಿಯ ಭತ್ತ, ಅದೂ ಇಷ್ಟು ಉಪನಾಲೆಗಳಿಗೆ ಮಾತ್ರ, ಇನ್ನೂ ಕಡಿಮೆ ಇದ್ದರೆ ರಾಗಿ, ದ್ವಿದಳ ಧಾನ್ಯ, ಮತ್ತು ನಿಂತ ಕಬ್ಬಿಗೆ ಇಷ್ಟು ಸರದಿ. ಅಂಕಿಗಳನ್ನು ಸಮಿತಿ ನಿಗದಿ ಮಾಡಲಿ, ವಿಜ್ಞಾನಿಗಳು ಅವಕ್ಕೆ ಆಧಾರ ಕೊಡಲಿ. ಷರತ್ತು ಮೊದಲೇ ಗೊತ್ತಿದ್ದರೆ ನಿರ್ಧಾರದ ದಿನ ಬಂದಾಗ ಯಾರನ್ನೂ ಕೇಳಬೇಕಾಗಿಲ್ಲ. ಕಟ್ಟೆಯ ಲೆಕ್ಕ ನೋಡಿ ನೀವೇ ತಿಳಿಯಬಹುದು. ರಾಗಿಗೆ ಆಗಸ್ಟಿನಲ್ಲಿಯೂ ಹದವಿರುತ್ತದೆ. ಆದರೆ ಭತ್ತಕ್ಕೆಂದು ಹೂಡಿದ ಹಣ ವಾಪಸು ಬರುವುದಿಲ್ಲ. ಆದ್ದರಿಂದ ಆಗಸ್ಟ್ ಕೊನೆಯಲ್ಲಿ ಬರುವ ಬಹಳ ನಿಖರವಾದ ಲೆಕ್ಕಕ್ಕಿಂತ ಜುಲೈಯಲ್ಲಿ ಬರುವ ಒರಟು ಲೆಕ್ಕವೇ ನಿಮಗೆ ಹೆಚ್ಚು ಉಪಕಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಿಮ್ಮ ಊರಿನ ನೀರು ಬಳಕೆದಾರರ ಸಂಘದ ಮೂಲಕ ಈ ಒಂದು ಬೇಡಿಕೆಯನ್ನು ಲಿಖಿತವಾಗಿ ಮುಂದಿಡಿ. ನೀರು ಬಿಡಿ ಎಂಬ ಮನವಿಗಳು ಸಾವಿರ ಬರುತ್ತವೆ. ನಿರ್ಧಾರದ ದಿನಾಂಕ ಯಾವುದು, ಅಂಕಿ ಎಷ್ಟು ಎಂದು ಕೇಳುವ ಮನವಿಗಳು ಅಪರೂಪ.

ಪ್ರಶ್ನೆ: ಭತ್ತದ ಗದ್ದೆಯಲ್ಲಿ ಯಾವಾಗಲೂ ನೀರು ನಿಂತಿರಲೇಬೇಕೆ? ನೀರು ಕಟ್ಟಿ, ಒಣಗಿಸಿ, ಮತ್ತೆ ಕಟ್ಟಿದರೂ ಇಳುವರಿ ಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಎಷ್ಟು ಒಣಗಿದರೆ ಸರಿ ಎಂದು ನಾವು ತಿಳಿಯುವುದು ಹೇಗೆ?
— ರೈತ ಮಹಿಳೆಯೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ನಿಮಗೆ ತರಬೇತಿಯಲ್ಲಿ ಹೇಳಿದ್ದು ಸರಿ. ತಿಳಿಯುವುದಕ್ಕೆ ಒಂದು ತುಂಡು ಪೈಪು ಸಾಕು. ಸುಮಾರು 30 ಸೆಂಟಿಮೀಟರ್ ಉದ್ದದ, ಕೈ ಇಳಿಯುವಷ್ಟು ಅಗಲದ ಪಿವಿಸಿ ಪೈಪನ್ನು ತೆಗೆದುಕೊಳ್ಳಿ. ಅದರ ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ತೂತುಗಳನ್ನು ಕೊರೆಯಿಸಿ. ಬದುವಿನ ಹತ್ತಿರ, ನೋಡುವುದಕ್ಕೆ ಸುಲಭವಾಗುವ ಕಡೆ, ತೂತಿರುವ ಭಾಗ ಪೂರ್ತಿ ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಒಳಗಿನ ಮಣ್ಣನ್ನು ಕೈಯಿಂದ ತೆಗೆದುಬಿಡಿ. ಮೇಲೆ ಗದ್ದೆ ಒಣಗಿ ಸೀಳು ಬಿಡುತ್ತಿದ್ದರೂ ಪೈಪಿನೊಳಗೆ ಇಣುಕಿದರೆ ಸ್ವಲ್ಪ ಕೆಳಗೆ ನೀರು ಇನ್ನೂ ನಿಂತಿರುವುದು ಕಾಣುತ್ತದೆ. ಬೇರು ಅದನ್ನು ಕುಡಿಯುತ್ತಲೇ ಇರುತ್ತದೆ. ಆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಕ್ಕೆ ಇಳಿದಾಗ ಮತ್ತೆ ನೀರು ಕಟ್ಟಿದರೆ ಸಾಕು. ನಾಟಿಯಾದ ಮೊದಲ ಎರಡು ವಾರ ಕಳೆಯ ಕಾಟ ತಪ್ಪಿಸುವುದಕ್ಕೆ, ಹೂ ಬಿಡುವ ಹೊತ್ತಿನಲ್ಲಿ ಕಾಳು ಜೊಳ್ಳಾಗದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ನೀರು ನಿಂತಿರಲಿ.

ಇದರಲ್ಲಿ ನನಗೆ ಮುಖ್ಯವೆನ್ನಿಸುವ ಇನ್ನೊಂದು ಸಂಗತಿಯಿದೆ. ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ನೀರು ಬಿಟ್ಟು ಎಷ್ಟು ದಿನ ನಿಲ್ಲಿಸಬೇಕೆಂಬುದನ್ನು ಇಡೀ ನಾಲೆಗೆ ಒಂದೇ ಅಳತೆಯಲ್ಲಿ ತೀರ್ಮಾನಿಸುತ್ತಾರೆ. ಆದರೆ ದಿಬ್ಬದ ಕೆಮ್ಮಣ್ಣಿನ ಗದ್ದೆಯಲ್ಲಿ ಪೈಪಿನ ನೀರು ಮೂರು ನಾಲ್ಕು ದಿನಕ್ಕೇ ತಳ ಕಾಣಬಹುದು, ತಗ್ಗಿನ ಜಿಗುಟು ಮಣ್ಣಿನಲ್ಲಿ ವಾರ ದಾಟಿದರೂ ನಿಂತಿರಬಹುದು. ಒಂದು ಉಪನಾಲೆಯ ಉದ್ದಕ್ಕೂ ಹತ್ತು ಗದ್ದೆಗಳಲ್ಲಿ ಇಂಥ ಪೈಪು ನೆಟ್ಟು, ಯಾವ ಗದ್ದೆಯಲ್ಲಿ ಎಷ್ಟು ದಿನಕ್ಕೆ ನೀರು ಇಳಿಯಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟರೆ, ಸರದಿಯ ದಿನಗಳನ್ನು ನಿಗದಿ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ. ಹಳೆಯ ಕಾಲದ ನೀರುಗಂಟಿಗೆ ತನ್ನ ಕೆರೆಯ ಕೆಳಗಿನ ಯಾವ ಗದ್ದೆ ಎಷ್ಟು ದಿನ ತಡೆಯುತ್ತದೆ ಎಂಬುದು ಬಾಯಿಪಾಠವಾಗಿತ್ತು. ಅದೇ ತಿಳಿವಳಿಕೆಯನ್ನು ಈಗ ಕಾಗದದ ಮೇಲೆ ತರಬೇಕಾಗಿದೆ.

ಪ್ರಶ್ನೆ: ಜೂನ್ ತಿಂಗಳಲ್ಲಿ ತಲಕಾವೇರಿ, ಭಾಗಮಂಡಲದಲ್ಲಿ ಧಾರಾಕಾರ ಮಳೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆದರೂ ಕೆ.ಆರ್.ಎಸ್. ಒಳಹರಿವು ಹೆಚ್ಚುವುದೇ ಇಲ್ಲ. ಜುಲೈ ಕೊನೆಯಲ್ಲಿ ಅಷ್ಟೇ ಮಳೆಗೆ ಪ್ರವಾಹದ ಎಚ್ಚರಿಕೆ ಕೊಡುತ್ತಾರೆ. ಇದೇಕೆ?
— ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಉತ್ತರ: ಹೊಸ ಮಡಕೆಗೆ ನೀರು ಹಾಕಿದಾಗ ಮೊದಲು ಮಡಕೆಯೇ ಕುಡಿಯುವ ಹಾಗೆ, ಬೇಸಿಗೆ ಕಳೆದ ಕೊಡಗಿನ ನೆಲ ಮೊದಲ ಮಳೆಗಳನ್ನು ತಾನೇ ಕುಡಿದುಬಿಡುತ್ತದೆ. ಕಾಡಿನ ಮಣ್ಣು, ಕಾಫಿ ತೋಟದ ತರಗೆಲೆ, ಗದ್ದೆ ಬಯಲು ಎಲ್ಲವೂ ತೋಯಬೇಕು. ಹಾರಂಗಿಯಂಥ ಜಲಾಶಯಗಳೂ ನಡುವೆ ತುಂಬಿಕೊಳ್ಳಬೇಕು. ನೆಲ ನೆನೆದು ಮುಗಿದ ಮೇಲೆ ಅದೇ ನೂರು ಮಿಲಿಮೀಟರ್ ಮಳೆಯ ದೊಡ್ಡ ಪಾಲು ನೇರವಾಗಿ ಹೊಳೆಗೆ ಇಳಿಯುತ್ತದೆ. ಆದ್ದರಿಂದ ಒಳಹರಿವನ್ನು ಅಂದಾಜು ಮಾಡುವವರು ಇಂದಿನ ಮಳೆಯೊಂದನ್ನೇ ನೋಡದೆ, ನೆಲ ಈಗಾಗಲೇ ಎಷ್ಟು ತೋಯ್ದಿದೆ ಎಂಬುದನ್ನು ಹಿಂದಿನ ದಿನಗಳ ಮಳೆಯಿಂದ ಲೆಕ್ಕ ಹಾಕುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿರುವುದು ಇಂಥ ಲೆಕ್ಕಕ್ಕೆ ಬಹಳ ದೊಡ್ಡ ನೆರವು.

ಕಟ್ಟೆಯ ಗೇಟಿನ ಬಳಿ ಇರುವವರಿಗೆ ಈ ಲೆಕ್ಕ ಏಕೆ ಬೇಕೆಂದರೆ, ಕಟ್ಟೆ ತುಂಬಿರುವಾಗ ಮೇಲಿನಿಂದ ದೊಡ್ಡ ಹರಿವು ಬರುತ್ತಿದೆ ಎಂದು ಅರ್ಧ ದಿನ ಮುಂಚೆ ತಿಳಿದರೆ ನೀರನ್ನು ನಿಧಾನವಾಗಿ, ಮೊದಲೇ ಬಿಡಲು ಆರಂಭಿಸಬಹುದು. ತಿಳಿಯದಿದ್ದರೆ ಒಮ್ಮೆಲೇ ಬಿಡಬೇಕಾಗುತ್ತದೆ. ಆಗ ಶ್ರೀರಂಗಪಟ್ಟಣದ ನದಿ ದಡದ ಮನೆ, ತೋಟಗಳಿಗೆ ನೀರು ನುಗ್ಗುತ್ತದೆ, ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳ ಮರಿಗಳು ಕೊಚ್ಚಿಹೋಗುತ್ತವೆ. ಮೊದಲೇ ನೀರು ಬಿಟ್ಟು, ಆಮೇಲೆ ಮಳೆ ನಿಂತುಹೋದರೆ ರೈತರ ನೀರು ಪೋಲಾಯಿತು ಎಂಬ ಆರೋಪ ಬರುತ್ತದೆ. ಗೇಟು ತೆರೆಯುವ ಅಧಿಕಾರಿ ಈ ಎರಡು ಭಯಗಳ ನಡುವೆ ನಿಂತಿರುತ್ತಾರೆ. ಯಾವ ದಿನಾಂಕಕ್ಕೆ ಎಷ್ಟು ಜಾಗ ಖಾಲಿ ಇರಬೇಕು ಎಂಬ ನಿಯಮ ಲಿಖಿತವಾಗಿದ್ದರೆ, ಅದನ್ನು ಪಾಲಿಸಿದವರಿಗೆ ರಕ್ಷಣೆಯೂ ಇದ್ದರೆ, ಆ ಭಯ ಕಡಿಮೆಯಾಗುತ್ತದೆ.

ಪ್ರಶ್ನೆ: ಕಾವೇರಿಯಲ್ಲಿ 740 ಟಿಎಂಸಿ ನೀರಿದೆ ಎಂದು ನ್ಯಾಯಮಂಡಳಿ ಹೇಳಿದ್ದು 'ಶೇಕಡಾ 50ರ ಭರವಸೆ'ಯ ಮೇಲೆ ಎಂದು ಓದಿದೆ. ನೀರಿನ ವಿಷಯದಲ್ಲಿ ಅರ್ಧ ಭರವಸೆ ಎಂದರೆ ಏನರ್ಥ?
— ಭೂವಿಜ್ಞಾನ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ನದಿಯ ಅನೇಕ ವರ್ಷಗಳ ಇಳುವರಿಯನ್ನು, ಅಂದರೆ ಒಂದೊಂದು ವರ್ಷದಲ್ಲಿ ಬಂದ ಒಟ್ಟು ನೀರನ್ನು, ಹೆಚ್ಚಿನದರಿಂದ ಕಡಿಮೆಗೆ ಸಾಲಾಗಿ ಜೋಡಿಸಿ. ಸಾಲಿನ ನಟ್ಟನಡುವೆ ನಿಲ್ಲುವ ವರ್ಷದ ಇಳುವರಿಯೇ ಶೇಕಡಾ 50ರ ಭರವಸೆಯ ನೀರು. ಅಂದರೆ ನೂರು ವರ್ಷಗಳಲ್ಲಿ ಸುಮಾರು ಐವತ್ತು ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ, ಇನ್ನೈವತ್ತು ವರ್ಷ ಬರುವುದಿಲ್ಲ. 2007ರ ಫೆಬ್ರವರಿ 5ರ ಅಂತಿಮ ತೀರ್ಪಿನಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ಈ ನಡುವಿನ ಅಂಕಿಯಾದ 740 ಟಿಎಂಸಿಯನ್ನು ಹಂಚಿತು. ಕರ್ನಾಟಕಕ್ಕೆ 270 ಬಂತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ಪ್ರಮಾಣವನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಹೆಚ್ಚುವರಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕೊಟ್ಟದ್ದು.

ಇಲ್ಲಿ ವಿಜ್ಞಾನ ಎಲ್ಲಿ ಮುಗಿಯುತ್ತದೆ, ನಿರ್ಧಾರ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನೀವು ಗಮನಿಸಬೇಕೆಂಬುದು ನನ್ನ ಆಸೆ. ಸಾಲನ್ನು ಜೋಡಿಸುವುದು ವಿಜ್ಞಾನದ ಕೆಲಸ. ಆ ಸಾಲಿನಲ್ಲಿ ಎಲ್ಲಿ ಬೆರಳಿಡಬೇಕು ಎಂಬುದು ವಿಜ್ಞಾನದ ಕೆಲಸವಲ್ಲ. ನಮ್ಮ ದೇಶದಲ್ಲಿ ನೀರಾವರಿ ಯೋಜನೆಗಳನ್ನು ಸಾಮಾನ್ಯವಾಗಿ ಶೇಕಡಾ 75ರ ಭರವಸೆಯ ಮೇಲೆ ರೂಪಿಸುತ್ತಾರೆ, ಕುಡಿಯುವ ನೀರಿಗೆ ಅದಕ್ಕಿಂತಲೂ ಹೆಚ್ಚು ಭರವಸೆ ಬೇಡುತ್ತಾರೆ. ಬೆರಳನ್ನು ಮೇಲಿಟ್ಟರೆ ಹಂಚುವುದಕ್ಕೆ ಹೆಚ್ಚು ನೀರು ಸಿಗುತ್ತದೆ, ಆದರೆ ಕೊರತೆಯ ವರ್ಷಗಳೂ ಹೆಚ್ಚುತ್ತವೆ. ಕೆಳಗಿಟ್ಟರೆ ಕೊರತೆ ಅಪರೂಪವಾಗುತ್ತದೆ, ಆದರೆ ಒಳ್ಳೆಯ ವರ್ಷಗಳ ನೀರು ಯಾರ ಪಾಲಿಗೂ ಸೇರದೆ ಉಳಿಯುತ್ತದೆ. ಯಾರು ಎಷ್ಟು ಅಪಾಯ ಹೊರಬೇಕೆಂಬ ಈ ಪ್ರಶ್ನೆ ಸಮಾಜದ್ದು, ನ್ಯಾಯದ್ದು. ಶೇಕಡಾ 50 ಎಂದು ಒಪ್ಪಿದ ಮೇಲೆ ಸಂಕಷ್ಟದ ವರ್ಷ ಎಂಬುದು ಆಕಸ್ಮಿಕವಲ್ಲ, ಒಪ್ಪಂದದ ಒಳಗೇ ಇರುವ ಸಂಗತಿ. ಅಂಥ ವರ್ಷದಲ್ಲಿ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಇಳಿಯಬೇಕೆಂದು ತೀರ್ಪೇ ಹೇಳುತ್ತದೆ. ಇಳಿಕೆಯನ್ನು ಯಾವ ವಾರದಲ್ಲಿ, ಯಾವ ಅಳತೆಯಿಂದ ಗುರುತಿಸಬೇಕು ಎಂಬ ಲೆಕ್ಕ ಮಳೆಗಾಲಕ್ಕೆ ಮೊದಲೇ ಎಲ್ಲರಿಗೂ ಒಪ್ಪಿಗೆಯಾಗಿದ್ದರೆ, ತಮಿಳುನಾಡಿಗೆ ನೀರು ಬಿಡುವ ವಿಚಾರದಲ್ಲಿ 2023ರ ಸೆಪ್ಟೆಂಬರಿನಲ್ಲಿ ಮಂಡ್ಯದ ಬೀದಿಗಳಲ್ಲಿ ಕಂಡ ಸಂಕಟದ ಒಂದು ಪಾಲಾದರೂ ಕಡಿಮೆಯಾಗುತ್ತಿತ್ತು. ನಿಮ್ಮಂಥ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನು ಹಿಡಿದುಕೊಳ್ಳಿ. ಹಳೆಯ ಸಾಲು ಮುಂದಿನ ಮೂವತ್ತು ವರ್ಷಕ್ಕೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಇಟ್ಟುಕೊಳ್ಳಿ, ಏಕೆಂದರೆ ಮಳೆಯ ರೀತಿ ಬದಲಾದರೆ ಸಾಲಿನ ನಡುವೂ ಸರಿದುಹೋಗುತ್ತದೆ.

ಪ್ರಶ್ನೆ: ನಮ್ಮೂರಿನ ಪಕ್ಕದ ನಾಲೆಗೆ ಕಾಂಕ್ರೀಟ್ ಹಾಕಿದ ಮೇಲೆ ನಾಲೆಯಲ್ಲಿ ನೀರು ಜೋರಾಗಿ ಹೋಗುತ್ತದೆ, ಆದರೆ ಊರಿನ ಬಾವಿ, ಕೊಳವೆ ಬಾವಿಗಳಲ್ಲಿ ನೀರು ಇಳಿದಿದೆ. ಸೋರಿಕೆ ತಡೆದದ್ದು ಒಳ್ಳೆಯದೋ ಕೆಟ್ಟದ್ದೋ?
— ಗ್ರಾಮ ಪಂಚಾಯಿತಿ ಸದಸ್ಯರು, ಪಾಂಡವಪುರ ತಾಲ್ಲೂಕು

ಉತ್ತರ: ಎರಡೂ ಹೌದು, ಯಾರ ಕಡೆಯಿಂದ ನೋಡುತ್ತೀರಿ ಎಂಬುದರ ಮೇಲೆ. ಇಂಗಿದ ನೀರು ಕಳೆದುಹೋದ ನೀರಲ್ಲ. ನಾಲೆಯಿಂದ ಇಂಗಿದ್ದು ನಿಮ್ಮ ಬಾವಿಗೆ ಬರುತ್ತಿತ್ತು. ಗದ್ದೆಯಿಂದ ಬಸಿದದ್ದು ಹಳ್ಳಕ್ಕೆ, ಹಳ್ಳದಿಂದ ಲೋಕಪಾವನಿಗೋ ಶಿಂಷಾಗೋ ಸೇರಿ ಮತ್ತೆ ಕಾವೇರಿಗೆ ಮರಳುತ್ತಿತ್ತು. ಕಾಂಕ್ರೀಟ್ ಹಾಕಿದಾಗ ಹೊಸ ನೀರು ಹುಟ್ಟಲಿಲ್ಲ, ನಿಮ್ಮ ಬಾವಿಯ ನೀರು ಕೊನೆ ಭಾಗದ ಗದ್ದೆಗೆ ಹೋಯಿತು. ಮೊದಲ ಪತ್ರ ಬರೆದ ಮಳವಳ್ಳಿಯ ರೈತರಿಗೆ ಅದು ಅವರ ಹಕ್ಕಿನ ನೀರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಮಗಾರಿಗೆ ಮುನ್ನವೇ ನಾಲೆಯ ಎರಡೂ ಬದಿಯ ಬಾವಿಗಳ ಮಟ್ಟವನ್ನು ಕನಿಷ್ಠ ಎರಡು ವರ್ಷ, ಮಳೆಗಾಲಕ್ಕೆ ಮೊದಲು ಮತ್ತು ನಂತರ ಅಳೆದಿಟ್ಟು, ಎಷ್ಟು ಕುಟುಂಬಗಳು ಆ ಬಾವಿಗಳನ್ನು ನಂಬಿವೆ ಎಂದು ಎಣಿಸಿ, ಊರಿನ ಕೆರೆಗೆ ಒಂದು ತೂಬಿನ ನೀರು ಮೀಸಲಿಡುವಂಥ ಪರಿಹಾರವನ್ನು ಯೋಜನೆಯಲ್ಲೇ ಸೇರಿಸಬಹುದಿತ್ತು. ಈಗಲೂ ಕಾಲ ಮಿಂಚಿಲ್ಲ. ಪಂಚಾಯಿತಿಯಿಂದಲೇ ಹತ್ತು ಬಾವಿಗಳನ್ನು ಆರಿಸಿ ತಿಂಗಳಿಗೊಮ್ಮೆ ಹಗ್ಗ ಇಳಿಸಿ ಅಳೆಯಿರಿ, ದಿನಾಂಕದೊಂದಿಗೆ ಬರೆದಿಡಿ. ಬಾವಿ ಬತ್ತಿತು ಎಂಬ ಮಾತಿಗಿಂತ ಎರಡು ವರ್ಷದ ಅಳತೆಗೆ ಕಚೇರಿಯಲ್ಲಿ ಹೆಚ್ಚು ಬೆಲೆ ಸಿಗುತ್ತದೆ.

ಪ್ರಶ್ನೆ: ನಾನು ನಾಲೆಯ ಮಟ್ಟವನ್ನು ದಿನಕ್ಕೆ ಎರಡು ಸಲ ನೋಡಿ ರಿಜಿಸ್ಟರಿನಲ್ಲಿ ಬರೆಯುವ ಕೆಲಸದಲ್ಲಿದ್ದೇನೆ. ಆರು ವರ್ಷವಾಯಿತು. ಆ ರಿಜಿಸ್ಟರನ್ನು ಯಾರೂ ತೆರೆದು ನೋಡಿದ್ದನ್ನು ನಾನು ಕಂಡಿಲ್ಲ. ಹೀಗೆ ಬರೆಯುವುದರಿಂದ ಏನು ಪ್ರಯೋಜನ ಸಾರ್?
— ಹೆಸರು ಬೇಡವೆಂದವರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಕೆಲಸ ಮಾಡಿದವನು, ಆದ್ದರಿಂದ ಒಂದು ಅನುಭವವನ್ನು ಹೇಳುತ್ತೇನೆ. ಒಂದು ಉಪನಾಲೆಯ ತಲೆಯಲ್ಲಿ ಕಲ್ಲುಗೋಡೆಗೆ ಬಳಿದ ಅಳತೆಪಟ್ಟಿ ಇತ್ತು. ರಿಜಿಸ್ಟರಿನ ಪ್ರಕಾರ ಆ ಉಪನಾಲೆಗೆ ಪೂರ್ತಿ ನೀರು ಹೋಗುತ್ತಿತ್ತು. ಕೊನೆ ಭಾಗದವರು ಮಾತ್ರ ನೀರೇ ಬರುತ್ತಿಲ್ಲ ಎಂದು ದೂರುತ್ತಿದ್ದರು. ಕಚೇರಿಯಲ್ಲಿ ರಿಜಿಸ್ಟರನ್ನು ನಂಬಿದರು, ರೈತರನ್ನು ನಂಬಲಿಲ್ಲ. ಮೇಲಿನವರು ಕದಿಯುತ್ತಿರಬೇಕು ಎಂದು ತೀರ್ಮಾನವಾಗಿ ಊರೂರಿನ ನಡುವೆ ಜಗಳವೂ ಆಯಿತು. ಕೊನೆಗೆ ಒಂದು ದಿನ ಹರಿವಿನ ವೇಗ ಅಳೆಯುವ ಸಲಕರಣೆ ತರಿಸಿ ನೀರಿಗಿಳಿದು ನೋಡಿದಾಗ ಹರಿವು ಬರೆದದ್ದಕ್ಕಿಂತ ಬಹಳ ಕಡಿಮೆ ಇತ್ತು. ಕಾರಣ ಎರಡು. ನಾಲೆಯಲ್ಲಿ ಜೊಂಡು ಬೆಳೆದು ನೀರು ಮುಂದೆ ಸಾಗದೆ ಒತ್ತಿ ನಿಂತು ಮಟ್ಟ ಏರಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಗೋಡೆ ರಿಪೇರಿಯಾದಾಗ ಬಣ್ಣ ಬಳಿದವರು ಅಳತೆಪಟ್ಟಿಯನ್ನು ಸುಮಾರು ಅರ್ಧ ಅಡಿ ಕೆಳಗಿನಿಂದ ಆರಂಭಿಸಿ ಬರೆದಿದ್ದರು. ಯಾವ ದಿನ ಹಾಗಾಯಿತು ಎಂದು ಎಲ್ಲಿಯೂ ನಮೂದಾಗಿರಲಿಲ್ಲ. ಹಿಂದಿನ ಎಷ್ಟು ವರ್ಷದ ಅಂಕಿಗಳನ್ನು ತಿದ್ದಬೇಕೆಂಬುದೇ ತಿಳಿಯದೆ ಆ ರಿಜಿಸ್ಟರುಗಳೆಲ್ಲ ನಿರುಪಯುಕ್ತವಾದವು.

ನಾವು ಅಳೆಯುವುದು ಮಟ್ಟವನ್ನು; ಹರಿವನ್ನು ಅದರಿಂದ ಲೆಕ್ಕ ಹಾಕಿ ತೆಗೆಯುತ್ತೇವೆ. ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ಒಮ್ಮೆ ಅಳೆದು ಮಾಡಿದ ಕೋಷ್ಟಕ ಜೊಂಡು ಬೆಳೆದಾಗ, ಹೂಳು ತುಂಬಿದಾಗ, ಗೋಡೆ ಕೆದಕಿದಾಗ ಸುಳ್ಳಾಗುತ್ತದೆ. ಕಟ್ಟೆಯ ಅಡಿ ಮತ್ತು ಟಿಎಂಸಿಯ ಕೋಷ್ಟಕವೂ ಹೂಳಿನಿಂದ ಹೀಗೆಯೇ ಹಳತಾಗುತ್ತದೆ. ನ್ಯಾಯಾಲಯದವರೆಗೆ ಹೋಗುವ ಅಂಕಿಗಳೆಲ್ಲ ಕೊನೆಗೆ ನಿಮ್ಮಂಥ ಒಬ್ಬರು ನೀರಿನ ಅಂಚಿನಲ್ಲಿ ಬಗ್ಗಿ ಓದಿದ ಒಂದು ಗೆರೆಯ ಮೇಲೆ ನಿಂತಿವೆ. ಆ ಗೆರೆ ಸರಿಯಾಗಿದೆಯೇ ಎಂದು ನಿಮ್ಮಷ್ಟು ಹತ್ತಿರದಿಂದ ನೋಡುವವರು ಇನ್ನಾರೂ ಇಲ್ಲ.

ರಿಜಿಸ್ಟರನ್ನು ಯಾರೂ ತೆರೆಯುವುದಿಲ್ಲ ಎಂಬುದು ನಿಮ್ಮ ತಪ್ಪಲ್ಲ, ಮೇಲಿನವರ ತಪ್ಪು. ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ. ಅಂಕಿಯ ಪಕ್ಕದ ಷರಾ ಕಾಲಂ ಅನ್ನು ಖಾಲಿ ಬಿಡಬೇಡಿ. ಜೊಂಡು ಇದೆ, ತೆಗೆಸಿದರು, ಗೇಟು ಸಿಕ್ಕಿಕೊಂಡಿದೆ, ರಾತ್ರಿ ಮಳೆಯಾಗಿತ್ತು, ಪಟ್ಟಿಗೆ ಹೊಸ ಬಣ್ಣ ಬಳಿದರು ಎಂಬುದನ್ನೆಲ್ಲ ಆಯಾ ದಿನವೇ ಬರೆಯಿರಿ. ಪಟ್ಟಿಯ ಸೊನ್ನೆಯಿಂದ ಗೋಡೆಯ ಮೇಲಂಚಿಗೆ ಎಷ್ಟು ಅಂತರವಿದೆ ಎಂದು ಟೇಪು ಹಿಡಿದು ಅಳೆದು ರಿಜಿಸ್ಟರಿನ ಮೊದಲ ಪುಟದಲ್ಲಿ ದಿನಾಂಕ ಹಾಕಿ ಬರೆದಿಡಿ. ನಾಲೆಗೆ ನೀರು ಬಿಡದಿರುವ ದಿನಗಳಲ್ಲಿ, ಹೊಸ ಸರದಿ ಆರಂಭವಾಗುವ ಮುನ್ನ, ಆ ಅಂತರವನ್ನು ಮತ್ತೊಮ್ಮೆ ಅಳೆಯಿರಿ.